ಕಾಫಿ ತೋಟಕ್ಕೆ ಇದ್ದಿಲು: ದುಡ್ಡಿನ ಲೆಕ್ಕ, ಹೊಗೆಯ ಲೆಕ್ಕ

ನೆರಳು ಮರಗಳ ಕೊಂಬೆ ಸವರುವ ಮರಗಸಿ ಮುಗಿದ ಮೇಲೆ ತೋಟದಲ್ಲಿ ಬಿದ್ದಿರುವ ರೆಂಬೆಗಳನ್ನು ಏನು ಮಾಡುವುದು? ಕೊಡಗಿನಲ್ಲಿ ಇದು ಪ್ರತಿ ವರ್ಷದ ತಲೆನೋವು. ದಪ್ಪ ಕೊಂಬೆ ಕೆಲಸದವರ ಲೈನ್ ಮನೆಯ ಒಲೆಗೆ, ಬಚ್ಚಲ ಹಂಡೆಗೆ ಹೋಗುತ್ತದೆ. ಸಣ್ಣದು ಕಾಫಿ ಸಾಲಿನ ನಡುವೆ ಬಿದ್ದು ಕೊಳೆಯುತ್ತದೆ. ಅರೇಬಿಕಾ ಕಾಫಿ ಇರುವ ಕಡೆ ಕಾಂಡಕೊರಕ ಹುಳು ಹಿಡಿದ ಗಿಡಗಳನ್ನು ಬೇರೆ ಕಿತ್ತು ಸುಡಬೇಕು. ಈಚೆಗೆ ಈ ರಾಶಿಯ ಸುತ್ತ ಹೊಸ ಮಾತೊಂದು ಹುಟ್ಟಿಕೊಂಡಿದೆ: ಅದನ್ನೆಲ್ಲ ಬಯೋಚಾರ್ ಮಾಡಿ, ಇಳುವರಿ ಜಾಸ್ತಿ ಆಗುತ್ತದೆ, ಮೇಲಿಂದ ಇಂಗಾಲವನ್ನು ಮಣ್ಣಲ್ಲಿ ಹಿಡಿದಿಟ್ಟಿದ್ದಕ್ಕೆ ಕಂಪನಿಗಳು ಕೊಡುವ ಕಾರ್ಬನ್ ದುಡ್ಡೂ ಬರುತ್ತದೆ.

ಪಕ್ಕದ ತೋಟದ ಅಣ್ಣ ಸಂತೆಯಲ್ಲಿ ಸಿಕ್ಕಾಗ ನೇರವಾಗಿ ಕೇಳಿದರು. "ಅಲ್ಲಪ್ಪ, ನಮ್ಮ ಇದ್ದಿಲಿಗೇ ಹೊಸ ಹೆಸರಿಟ್ಟು ಮಾರ್ತಿದ್ದಾರೆ, ಅಷ್ಟೇ ತಾನೆ?" ಅರ್ಧ ನಿಜ. ಉಳಿದ ಅರ್ಧವನ್ನು ಸಂತೆಯಲ್ಲಿ ನಿಂತು ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕಟ್ಟಿಗೆಯನ್ನು ಗಾಳಿ ಬಿಟ್ಟು ಸುಟ್ಟರೆ ಬೂದಿ ಉಳಿಯುತ್ತದೆ. ಗಾಳಿ ಸಾಕಷ್ಟು ಸಿಗದ ಹಾಗೆ, 350ರಿಂದ 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸಿದರೆ ಇದ್ದಿಲು ಉಳಿಯುತ್ತದೆ. ಒಲೆಗೆ ಹಾಕಿದರೆ ಅದು ಇದ್ದಿಲು, ಮಣ್ಣಿಗೆ ಹಾಕಿದರೆ ಬಯೋಚಾರ್. ವ್ಯತ್ಯಾಸ ಮುಖ್ಯವಾಗಿ ಬಳಕೆಯಲ್ಲೇ ಇದೆ. ಮಣ್ಣಿಗೆ ಹಾಕಿದ್ದು ಯಾಕೆ ವಿಶೇಷ ಎಂದರೆ, ಅದು ಸುಲಭಕ್ಕೆ ಕೊಳೆಯುವುದಿಲ್ಲ. ಹಸಿ ಎಲೆ, ರೆಂಬೆ ನೆಲಕ್ಕೆ ಬಿದ್ದರೆ ಕೆಲವೇ ವರ್ಷದಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ. ಅದರಲ್ಲಿದ್ದ ಇಂಗಾಲದ ಹೆಚ್ಚು ಪಾಲು ಮತ್ತೆ ಗಾಳಿಗೆ ಸೇರುತ್ತದೆ. ಬೆಂದ ಇದ್ದಿಲಿನಲ್ಲಿ ಇಂಗಾಲ ಉಂಗುರ ಉಂಗುರವಾಗಿ ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ. ಸೂಕ್ಷ್ಮಜೀವಿಗಳಿಗೆ ಅದನ್ನು ಬಿಡಿಸುವುದು ಕಷ್ಟ. 2016ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಒಂದು ಅಧ್ಯಯನದಲ್ಲಿ, ಬಯೋಚಾರಿನ ಶೇ 3ರಷ್ಟು ಭಾಗ ಕೆಲವು ತಿಂಗಳಲ್ಲೇ ಹೋಗುತ್ತದೆ, ಉಳಿದ ಶೇ 97 ಸರಾಸರಿ 556 ವರ್ಷ ಮಣ್ಣಲ್ಲಿ ನಿಲ್ಲುತ್ತದೆ ಎಂಬ ಅಂದಾಜು ಬಂತು. ಅಮೆಜಾನ್ ಕಾಡಿನಲ್ಲಿ ಹಿಂದಿನವರು ಇದ್ದಿಲು, ಅಡುಗೆಮನೆ ಕಸ, ಮೂಳೆ ಎಲ್ಲ ಸೇರಿಸಿ ಮಾಡಿದ ಕಪ್ಪು ಮಣ್ಣು ನೂರಾರು ವರ್ಷಗಳ ನಂತರವೂ ಸುತ್ತಲಿನ ಬಡ ಕೆಂಪು ಮಣ್ಣಿಗಿಂತ ಫಲವತ್ತಾಗಿದೆ. ಒಲೆಯ ಬೂದಿ, ಕೆಂಡದ ಚೂರು ತಂದು ಬಾಳೆಬುಡಕ್ಕೆ ಸುರಿಯುತ್ತಿದ್ದ ನಮ್ಮ ಅಜ್ಜಿಗೂ ಇದರ ಒಂದು ತುದಿ ಗೊತ್ತಿತ್ತು ಅನ್ನಿ.

ಇಳುವರಿಯ ಮಾತಿಗೆ ಬರೋಣ. ಎಲ್ಲರೂ ತೋರಿಸುವ ಅಂಕಿ ಶೇ 25. ಅದು ಸುಳ್ಳಲ್ಲ. 2017ರಲ್ಲಿ ಪ್ರಪಂಚದ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಉಷ್ಣವಲಯದ ದೇಶಗಳಲ್ಲಿ ಬಯೋಚಾರಿನಿಂದ ಇಳುವರಿ ಸರಾಸರಿ ಶೇ 25 ಹೆಚ್ಚಿತ್ತು. ಚಳಿ ದೇಶಗಳಲ್ಲಿ ಏನೂ ಹೆಚ್ಚಿರಲಿಲ್ಲ. ಆದರೆ ಆ ಶೇ 25ರ ಹಿಂದೆ ಇದ್ದದ್ದು ಎಂಥ ಮಣ್ಣು ಅನ್ನುವುದನ್ನು ಯಾರೂ ಓದಿ ಹೇಳುವುದಿಲ್ಲ. ಹುಳಿ ಮಣ್ಣು, ಬಡ ಮಣ್ಣು, ಗೊಬ್ಬರ ಕಾಣದ ಮಣ್ಣು. ಅಂಥ ಕಡೆ ಬಯೋಚಾರ್ ಸುಣ್ಣದ ಕೆಲಸವನ್ನೂ ಸ್ವಲ್ಪ ಗೊಬ್ಬರದ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಹಾಕಿದ ಪ್ರಮಾಣವೂ ಕಡಿಮೆಯದಲ್ಲ, ಹೆಕ್ಟೇರಿಗೆ ಹದಿನೈದು ಟನ್ನಿನ ಆಸುಪಾಸು.

ನಮ್ಮ ಮಣ್ಣು ಹುಳಿಯೇನೋ ಹೌದು. ಇಷ್ಟು ಮಳೆ ಸುರಿಯುವ ಜಾಗದಲ್ಲಿ ಸುಣ್ಣದ ಅಂಶ ತೊಳೆದು ಹೋಗದೆ ಇರುತ್ತದೆಯೇ? ಆದರೆ ಅದಕ್ಕೆಂದೇ ನಾವು ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಎರಚುತ್ತೇವೆ. ಗೊಬ್ಬರ ಕೊಡುತ್ತೇವೆ. ನೆರಳು ಮರಗಳ ತರಗೆಲೆ ಬಿದ್ದು ಬಿದ್ದು ಮಣ್ಣಲ್ಲಿ ಸಾವಯವ ಅಂಶ ಬಯಲು ಹೊಲಗಳಿಗಿಂತ ಎಷ್ಟೋ ಚೆನ್ನಾಗಿದೆ. ಅಂದರೆ ಬಯೋಚಾರ್ ಮಾಡಬಹುದಾದ ಕೆಲಸದಲ್ಲಿ ಒಂದಷ್ಟನ್ನು ಹಾಲುವಾಣ, ಹಲಸು, ಅತ್ತಿ ಮರಗಳು ಆಗಲೇ ಮಾಡಿ ಮುಗಿಸಿವೆ. ಚೆನ್ನಾಗಿ ನೋಡಿಕೊಂಡ ಹಳೆ ತೋಟಕ್ಕೆ ಶೇ 25ರ ಆಸೆ ಹಚ್ಚಿಕೊಳ್ಳಬೇಡಿ. ಮೇಲ್ಮಣ್ಣು ಕೊಚ್ಚಿಹೋದ ಏರು, ಶುಂಠಿ ಬೆಳೆದು ಸೋತ ಗದ್ದೆ, ಹೊಸದಾಗಿ ಗಿಡ ಕೂರಿಸುವ ಗುಂಡಿ, ನರ್ಸರಿ ಚೀಲ: ಇದು ಕೆಲಸಕ್ಕೆ ಬರುವ ಜಾಗ ಅಂದರೆ ಇವು.

ಇನ್ನೊಂದು ವಿಷಯ. ಹೊಸ ಇದ್ದಿಲನ್ನು ಹಾಗೇ ಬುಡಕ್ಕೆ ಹಾಕಬಾರದು. ಅದರ ಮೈಯೆಲ್ಲ ತೂತು. ಮಣ್ಣಲ್ಲಿರುವ ಸಾರಜನಕವನ್ನು ಅದು ಮೊದಲು ತಾನು ಹಿಡಿದಿಟ್ಟುಕೊಳ್ಳುತ್ತದೆ, ಗಿಡ ಹಳದಿಗೆ ತಿರುಗುತ್ತದೆ. ಸೆಗಣಿ ಸ್ಲರಿಯಲ್ಲಿ ಎರಡು ವಾರ ನೆನೆಸಿ, ಇಲ್ಲವೇ ಕಾಂಪೋಸ್ಟ್ ಗುಂಡಿಗೆ ಹತ್ತಕ್ಕೆ ಒಂದು ಪಾಲಿನಂತೆ ಸೇರಿಸಿ, ಆಮೇಲೆ ಬಳಸಬೇಕು. ಪುಡಿ ಮಾಡುವಾಗ ನೀರು ಚಿಮುಕಿಸಿಕೊಳ್ಳಿ. ಒಣ ಪುಡಿಯ ಧೂಳು ಎದೆಗೆ ಒಳ್ಳೆಯದಲ್ಲ.

ಈಗ ದುಡ್ಡು. ನಾನು ಹಾಕುವ ದರಗಳು ಲೆಕ್ಕಕ್ಕೆ ಇಟ್ಟುಕೊಂಡವು. ನಿಮ್ಮ ತೋಟದ ದರ ಹಾಕಿ ನೀವೇ ತಿರುಗಿ ಲೆಕ್ಕ ಮಾಡಿ.

ಚೆನ್ನಾಗಿ ಒಣಗಿದ ಒಂದು ಟನ್ ರೆಂಬೆಯನ್ನು ಗುಂಡಿಯಲ್ಲಿ ಬೇಯಿಸಿದರೆ ಸುಮಾರು 220 ಕೆಜಿ ಇದ್ದಿಲು ಸಿಗುತ್ತದೆ. ಎಳೆದು ತರಲು, ಬೆಂಕಿ ನೋಡಿಕೊಳ್ಳಲು, ನೀರು ಹಾಕಿ ಆರಿಸಲು, ಪುಡಿ ಮಾಡಲು ಒಟ್ಟು ಮೂರು ಆಳು. ದಿನಕ್ಕೆ 600 ರೂಪಾಯಿ ಕೂಲಿ ಎಂದರೆ 1,800. ಕೆಜಿಗೆ ಎಂಟು ರೂಪಾಯಿ ಚಿಲ್ಲರೆ ಬಿತ್ತು. ಮಾರಬಹುದಾಗಿದ್ದ ದಪ್ಪ ಸೌದೆಯನ್ನು ಇದಕ್ಕೆ ಹಾಕಿದರೆ ಅದರ ಬೆಲೆಯನ್ನೂ ಸೇರಿಸಬೇಕು. ಆಗ ಈ ಲೆಕ್ಕ ಅಲ್ಲೇ ಮಗುಚುತ್ತದೆ. ಆದ್ದರಿಂದ ಹೆಬ್ಬೆರಳಿನಿಂದ ಮಣಿಕಟ್ಟಿನಷ್ಟು ದಪ್ಪದವರೆಗಿನ, ಯಾರಿಗೂ ಬೇಡವಾದ ರೆಂಬೆಗಳೇ ಇದಕ್ಕೆ ಸರಿ.

ರೊಬಸ್ಟಾ ಗಿಡಕ್ಕೆ ಒಂದು ಕೆಜಿಯಂತೆ ಹಾಕಿದೆವು ಅಂದುಕೊಳ್ಳಿ. ಹತ್ತಕ್ಕೆ ಹತ್ತು ಅಡಿ ಅಂತರದಲ್ಲಿ ಎಕರೆಗೆ 435 ಗಿಡ. ಗಿಡಕ್ಕೆ ಸುಮಾರು ಒಂದು ಕೆಜಿ ಕ್ಲೀನ್ ಕಾಫಿ, ಅಂದರೆ ಹೊಟ್ಟು ತೆಗೆದ ಬೀಜ, ಬರುವ ತೋಟ. ಕ್ಲೀನ್ ಕಾಫಿಗೆ ಕೆಜಿಗೆ 250 ರೂಪಾಯಿ ಎಂದು ಹಿಡಿದರೆ, ಹಾಕಿದ ಎಂಟು ರೂಪಾಯಿ ವಾಪಸ್ ಬರಲು ಗಿಡವೊಂದಕ್ಕೆ ಬರೀ 35 ಗ್ರಾಂ ಕಾಫಿ ಜಾಸ್ತಿ ಬಂದರೆ ಸಾಕು. ಅದೂ ಒಂದೇ ಸಲ. ಇದು ನನಗೆ ಒಪ್ಪಿಗೆಯಾದ ಲೆಕ್ಕ. ಆದರೆ ಒಂದು ತಮಾಷೆ ನೋಡಿ: ಆ 35 ಗ್ರಾಂ ಬಂತೋ ಇಲ್ಲವೋ ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಒಂದು ವಾರ ಆಚೆ ಈಚೆ ಆದರೆ ಆಗುವ ಏರುಪೇರಿನಲ್ಲಿ ಅದು ಎಲ್ಲೋ ಮುಚ್ಚಿಹೋಗುತ್ತದೆ. "ನಾನು ಹಾಕಿದೆ, ಬೆಳೆ ಸೂಪರ್" ಎನ್ನುವವರ ಮಾತನ್ನೂ, "ಹಾಕಿದೆ, ಏನೂ ಆಗಲಿಲ್ಲ" ಎನ್ನುವವರ ಮಾತನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತೇನೆ.

ಇದನ್ನೇ ದುಡ್ಡು ಕೊಟ್ಟು ತರಿಸಿದರೆ? ಹೆಕ್ಟೇರಿಗೆ 10 ಟನ್ ಎಂದರೆ ಎಕರೆಗೆ ನಾಲ್ಕು ಟನ್, ಗಿಡಕ್ಕೆ ಒಂಬತ್ತು ಕೆಜಿಗೂ ಜಾಸ್ತಿ. ಕೆಜಿಗೆ 20 ರೂಪಾಯಿ ಹಿಡಿದರೂ ಎಕರೆಗೆ 80,000 ಆಯಿತು, ಲಾರಿ ಬಾಡಿಗೆ ಬೇರೆ. ಈ ದುಡ್ಡು ಹುಟ್ಟಲು 320 ಕೆಜಿ ಕ್ಲೀನ್ ಕಾಫಿ ಹೆಚ್ಚಿಗೆ ಬರಬೇಕು. ಎಕರೆಯ ಒಂದು ವರ್ಷದ ಫಸಲೇ 435 ಕೆಜಿ. ಹತ್ತು ವರ್ಷಕ್ಕೆ ಹಂಚಿದರೂ ವರ್ಷಾ ವರ್ಷಾ ಶೇ 7ಕ್ಕಿಂತ ಜಾಸ್ತಿ ಬರುತ್ತಲೇ ಇರಬೇಕು, ಅದೂ ಬಡ್ಡಿ ಬಿಟ್ಟು. ನಾನಂತೂ ಈ ಜೂಜಿಗೆ ಕೈ ಹಾಕುವುದಿಲ್ಲ.

ಗೊಬ್ಬರ ಉಳಿತಾಯದ ಮಾತೂ ಬರುತ್ತದೆ. ಯೂರಿಯಾ 45 ಕೆಜಿ ಚೀಲ ಸಬ್ಸಿಡಿಯಲ್ಲಿ 266 ರೂಪಾಯಿಯ ಹತ್ತಿರ. ಬಯೋಚಾರಿನಿಂದ ಎಕರೆಗೆ ಒಂದು ಚೀಲ ಉಳಿಸಿದರೂ ಅರ್ಧ ಆಳಿನ ಕೂಲಿ ಉಳಿದ ಹಾಗೆ, ಅಷ್ಟೇ. ಪೊಟ್ಯಾಷ್ ಕಥೆ ಬೇರೆ. ಅದರ ಚೀಲ ಯೂರಿಯಾದ ಹಲವು ಪಟ್ಟು. ಕಾಫಿ ಹೊಟ್ಟಿನಲ್ಲಿ ಪೊಟ್ಯಾಷ್ ಹೇರಳವಾಗಿದೆ. ಬೇಯಿಸಿದರೆ ಸಾರಜನಕದಲ್ಲಿ ಒಂದಷ್ಟು ಹೊಗೆಯಲ್ಲಿ ಹೋಗುತ್ತದೆ, ಪೊಟ್ಯಾಷ್ ಮಾತ್ರ ಹೆಚ್ಚಾಗಿ ಇದ್ದಿಲಲ್ಲೇ ಉಳಿಯುತ್ತದೆ. ಆದರೆ ಆ ಹೊಟ್ಟು ನಮ್ಮ ಕೈಯಲ್ಲಿ ಎಲ್ಲಿದೆ? ಕಣದಲ್ಲಿ ಒಣಗಿಸಿದ ಚೆರ್ರಿಯನ್ನು ಹೊಟ್ಟಿನ ಸಮೇತ ಮಾರುತ್ತೇವೆ. 50 ಕೆಜಿ ಚೀಲಕ್ಕೆ ಓಟಿ (ಔಟ್‌ಟರ್ನ್, ಸಿಗುವ ಕ್ಲೀನ್ ಕಾಫಿಯ ತೂಕ) 26 ಬಂದರೆ ಉಳಿದ 24 ಕೆಜಿ ಹೊಟ್ಟೇ ತಾನೆ. ನೂರು ಚೀಲ ಮಾರಿದವರು 2.4 ಟನ್ ಹೊಟ್ಟನ್ನು ಕುಶಾಲನಗರದ ಕಡೆಯ, ಹೊಟ್ಟು ತೆಗೆಯುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಪುಕ್ಕಟೆಯಾಗಿ ಕಳಿಸಿದ್ದಾರೆ ಎಂದೇ ಲೆಕ್ಕ. ಆಮೇಲೆ ಪೊಟ್ಯಾಷ್ ಚೀಲ ಹೊತ್ತು ಅದೇ ರಸ್ತೆಯಲ್ಲಿ ವಾಪಸ್ ಬರುತ್ತೇವೆ. ಹತ್ತಾರು ಬೆಳೆಗಾರರು ಸೇರಿ ಹೊಟ್ಟನ್ನು ವಾಪಸ್ ತರಿಸಿಕೊಳ್ಳುವ ಮಾತಾಡಿದರೆ, ನನ್ನ ಮಟ್ಟಿಗೆ ಅದೇ ಬಯೋಚಾರಿಗಿಂತ ಮೊದಲು ಆಗಬೇಕಾದ ಕೆಲಸ.

ಇನ್ನು ಇಂಗಾಲದ ಲೆಕ್ಕ. ಇದು ಕಷ್ಟದ್ದಲ್ಲ, ನಾಲ್ಕು ಗುಣಾಕಾರ ಅಷ್ಟೇ. ಒಂದು ಟನ್ ಒಣ ಕಟ್ಟಿಗೆಯಲ್ಲಿ ಅರ್ಧ, ಅಂದರೆ 500 ಕೆಜಿ ಇಂಗಾಲ. ನಮಗೆ ಸಿಕ್ಕ 220 ಕೆಜಿ ಇದ್ದಿಲಿನಲ್ಲಿ ಮುಕ್ಕಾಲು ಪಾಲು ಇಂಗಾಲ ಎಂದರೆ 165 ಕೆಜಿ. ಮೂರನೇ ಒಂದು ಪಾಲು ಉಳಿಯಿತು, ಮಿಕ್ಕಿದ್ದು ಬೆಂಕಿಯಲ್ಲಿ ಹೋಯಿತು. ನೂರು ವರ್ಷದ ನಂತರವೂ ಇದರಲ್ಲಿ ಶೇ 80 ಮಣ್ಣಲ್ಲಿರುತ್ತದೆ ಎಂದು ಹಿಡಿದರೆ 132 ಕೆಜಿ. ಒಂದು ಕೆಜಿ ಇಂಗಾಲ ಗಾಳಿಯಲ್ಲಿದ್ದರೆ 3.67 ಕೆಜಿ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ 480 ಕೆಜಿ ಚಿಲ್ಲರೆ. ಅಂದರೆ ಒಂದು ಟನ್ ಇದ್ದಿಲಿಗೆ ಹತ್ತಿರ ಹತ್ತಿರ 2.2 ಟನ್ ಇಂಗಾಲದ ಡೈಆಕ್ಸೈಡನ್ನು ನೆಲದಲ್ಲಿ ಬಚ್ಚಿಟ್ಟ ಹಾಗಾಯಿತು.

ಜಾಹೀರಾತಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಹೊಗೆಯ ಲೆಕ್ಕ ಶುರುವಾಗುವುದೇ ಇಲ್ಲಿಂದ.

ಕಟ್ಟಿಗೆ ಬೇಯುವಾಗ ಬರುವ ಹೊಗೆಯಲ್ಲಿ ಮೀಥೇನ್ ಇದೆ. ಭೂಮಿ ಬಿಸಿ ಮಾಡುವುದರಲ್ಲಿ ಅದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು, ಇಪ್ಪತ್ತೇ ವರ್ಷದ ಲೆಕ್ಕದಲ್ಲಿ 80 ಪಟ್ಟು. ಗುಂಡಿಯ ಮೇಲೆ ಜ್ವಾಲೆ ಸದಾ ಉರಿಯುತ್ತಿದ್ದರೆ ಈ ಮೀಥೇನ್ ಆ ಜ್ವಾಲೆಯಲ್ಲೇ ಸುಟ್ಟುಹೋಗುತ್ತದೆ. ಕೆಳಗೆ ಅಗಲ ಕಡಿಮೆ, ಮೇಲೆ ಜಾಸ್ತಿ ಇರುವ ಕೊಳಗದಂಥ ಗುಂಡಿಯಲ್ಲಿ ತೆಳುವಾಗಿ ಪದರ ಪದರ ರೆಂಬೆ ಹಾಕುತ್ತಾ ಹೋಗುವ ಉಪಾಯ ಇದಕ್ಕಾಗಿಯೇ. ಮೇಲಿನ ಜ್ವಾಲೆ ಗಾಳಿಯನ್ನು ತಾನೇ ಕುಡಿದುಬಿಡುತ್ತದೆ, ಕೆಳಗಿನದು ಗಾಳಿ ಇಲ್ಲದೆ ಇದ್ದಿಲಾಗುತ್ತದೆ. ಹಾಗೆ ಮಾಡಿದರೂ ಪೂರ್ತಿ ತಪ್ಪುವುದಿಲ್ಲ. ನೇಪಾಳದಲ್ಲಿ ಇಂಥ ಗುಂಡಿಗಳ ಹೊಗೆಯನ್ನು ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಟನ್ ಇದ್ದಿಲಿಗೆ ಸರಾಸರಿ 30 ಕೆಜಿ ಮೀಥೇನ್ ಬಂದಿತ್ತು. ಒಂದು ಬೆಂಕಿಗೂ ಇನ್ನೊಂದು ಬೆಂಕಿಗೂ ಅಜಗಜಾಂತರವಿತ್ತು.

ಆ 30 ಕೆಜಿಯನ್ನು 28ರಿಂದ ಗುಣಿಸಿದರೆ 840 ಕೆಜಿ. ನಮ್ಮ 2.2 ಟನ್ನಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಅಲ್ಲಿಗೆ ಹೋಯಿತು. 80ರಿಂದ ಗುಣಿಸಿ ನೋಡಿ: 2.4 ಟನ್. ಬಚ್ಚಿಟ್ಟಿದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ! ಮುಂದಿನ ಇಪ್ಪತ್ತು ವರ್ಷದ ಮಟ್ಟಿಗೆ ಭೂಮಿಗೆ ಸಹಾಯ ಮಾಡಿದಂತೆ ಆಗಲಿಲ್ಲ. ಮಣ್ಣು ಮುಚ್ಚಿ ದಿನಗಟ್ಟಲೆ ಹೊಗೆಯಾಡಿಸುವ ಹಳೆಯ ಇದ್ದಿಲು ಗೂಡು ಇನ್ನೂ ಕೆಟ್ಟದ್ದು, ಅಲ್ಲಿ ಹೊಗೆಯನ್ನು ಸುಡಲು ಜ್ವಾಲೆಯೇ ಇಲ್ಲ.

ಇದರ ಮುಂದೆ ಲಾರಿ ಹೊಗೆ ಏನೂ ಅಲ್ಲ. ಮೈಸೂರಿನಿಂದ ಮಡಿಕೇರಿಗೆ 120 ಕಿಲೋಮೀಟರ್ ಎಂದುಕೊಳ್ಳಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಲಾರಿ ಹೋಗಿಬರಲು 60 ಲೀಟರ್ ಡೀಸೆಲ್ ಕುಡಿಯುತ್ತದೆ, 160 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಾಲ್ಕು ಟನ್ ಬಯೋಚಾರ್ ಹೊತ್ತು ತಂದರೆ ಬಚ್ಚಿಟ್ಟ 8.8 ಟನ್ನಿನಲ್ಲಿ ಶೇ 2ಕ್ಕೂ ಕಡಿಮೆ. ದೂರದಿಂದ ತರುವುದು ಜೇಬಿಗೆ ಭಾರ, ಆಕಾಶಕ್ಕೆ ಅಷ್ಟು ಭಾರವಲ್ಲ. ಆಕಾಶಕ್ಕೆ ಭಾರವಾಗುವುದು ಹಸಿ ಕಟ್ಟಿಗೆ.

ಕೊಡಗಿನಲ್ಲಿ ಎಡವುವುದೂ ಇಲ್ಲೇ. ಮರಗಸಿ ಮಾಡುವುದು ಮಳೆಗಾಲದ ಹೊಸ್ತಿಲಲ್ಲಿ. ಕಡಿದ ಕೊಂಬೆಯ ತೂಕದಲ್ಲಿ ಅರ್ಧ ನೀರೇ. ಅದು ಒಣಗುವ ಮೊದಲು ಜೂನ್ ಬರುತ್ತದೆ, ಆಮೇಲೆ ಕಕ್ಕಡ ತಿಂಗಳ ಮಳೆ. ನನ್ನ ಮೊದಲ ಪ್ರಯೋಗ ಹೀಗೇ ಹಾಳಾಯಿತು. ಮೇ ಕೊನೆಗೆ ಕಡಿದ ಸಿಲ್ವರ್ ಓಕ್ ರೆಂಬೆಗಳನ್ನು ಮಳೆ ಬಿಡುವು ಕೊಟ್ಟ ಒಂದು ದಿನ ಗುಂಡಿಗೆ ತುಂಬಿದೆ. ಜ್ವಾಲೆ ಏಳಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಳಿ ಹೊಗೆ, ಲೈನ್ ಮನೆಯವರೆಲ್ಲ ಕೆಮ್ಮಿದರು. ಕೊನೆಗೆ ಸಿಕ್ಕಿದ್ದು ಅರ್ಧ ಬೆಂದ ಕೊರಡು, ಮೂರು ಬುಟ್ಟಿ ಇದ್ದಿಲು. ಬಿಳಿ ಹೊಗೆ ಕಂಡಿತು ಎಂದರೆ ಮೀಥೇನ್ ತಪ್ಪಿಸಿಕೊಂಡು ಹೋಗುತ್ತಿದೆ ಎಂದೇ ತಿಳಿಯಿರಿ. ಅವತ್ತು ನಾನು ಭೂಮಿಗೆ ಸಾಲ ಮಾಡಿಟ್ಟೆ.

ಕೊಯ್ಲಾದ ಮೇಲೆ ಕಾಫಿ ಗಿಡ ಸವರುವ ಕಪಾತಿನ ಕಡ್ಡಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಫೆಬ್ರವರಿ, ಮಾರ್ಚ್ ಬಿಸಿಲಿಗೆ ಬೇಗ ಒಣಗುತ್ತವೆ. ಮರಗಸಿಯ ರೆಂಬೆ ಬೇಕೆಂದರೆ ಟಾರ್ಪಾಲ್ ಮುಚ್ಚಿ, ನೆಲಕ್ಕೆ ತಾಗದಂತೆ ಒಟ್ಟಿ, ಮುಂದಿನ ಫೆಬ್ರವರಿವರೆಗೆ ಕಾಯಬೇಕು. ಗೆದ್ದಲು ಬಿಟ್ಟರೆ ಸಿಗುತ್ತದೆ. ಆ ತಿಂಗಳಲ್ಲಿ ತರಗೆಲೆಯೂ ಒಣಗಿರುತ್ತದೆ, ಒಂದು ಕಿಡಿ ಹಾರಿದರೆ ತೋಟವೇ ಹೋದೀತು. ಹೂಮಳೆ ಬಿದ್ದ ಮರುದಿನ ಒಳ್ಳೆಯ ಮುಹೂರ್ತ: ನೆಲ ಒದ್ದೆ, ಮುಚ್ಚಿಟ್ಟ ಕಟ್ಟಿಗೆ ಒಣ. ಇದ್ದಿಲು ಆರಿಸಲು ಕೆಲವು ಡ್ರಮ್ ನೀರೂ ಬೇಕು. ಸ್ಪ್ರಿಂಕ್ಲರಿಗೆ ನೀರು ಸಾಲದೆ ಕೆರೆ ತಳ ಕಾಣುವ ಹೊತ್ತಿನಲ್ಲಿ ಇದಕ್ಕೆ ಕೊಡಿ ಎಂದರೆ ಮನೆಯವರು ಸುಮ್ನೆ ಬಿಡುವುದಿಲ್ಲ. ಮಳೆ ಬಿದ್ದ ಮೇಲೆ ಆ ಜಗಳವೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಬಯೋಚಾರ್ ಮಾಡದಿದ್ದರೆ ಆ ಕಟ್ಟಿಗೆ ಏನಾಗುತ್ತಿತ್ತು? ಕಾಂಡಕೊರಕ ಹಿಡಿದ ಗಿಡವನ್ನು ಹೇಗೂ ಸುಡಲೇಬೇಕಿತ್ತು. ಬಯಲಲ್ಲಿ ಸುಡುವ ಬದಲು ಗುಂಡಿಯಲ್ಲಿ ಬೇಯಿಸಿದರೆ ಹೊಗೆ ಹೊಸದಾಗಿ ಸೇರಿದ್ದಲ್ಲ, ಉಳಿದ ಇದ್ದಿಲು ಮಾತ್ರ ಹೊಸದು. ಲೆಕ್ಕ ಎಲ್ಲಕ್ಕಿಂತ ಚೊಕ್ಕವಾಗಿರುವುದು ಇದರಲ್ಲೇ. ಲೈನ್ ಮನೆಯ ಸೌದೆ ಕಿತ್ತುಕೊಂಡು ಇದ್ದಿಲು ಮಾಡಿ, ಅವರಿಗೆ ಗ್ಯಾಸ್ ಸಿಲಿಂಡರ್ ಕೊಟ್ಟರೆ ಆ ಗ್ಯಾಸಿನ ಇಂಗಾಲವೂ ನಿಮ್ಮ ಖಾತೆಗೆ. ಸಾಲಿನ ನಡುವಿನ ಕಸವನ್ನೆಲ್ಲ ಬಾಚಿ ಸುಟ್ಟರೆ ಮಣ್ಣಿನ ಹೊದಿಕೆ ಹೋಗುತ್ತದೆ, ಜುಲೈನಲ್ಲಿ ಮಣ್ಣೂ ಅದರ ಹಿಂದೆ ಹೋಗುತ್ತದೆ. ನಿಂತಿರುವ ಮರವನ್ನೇ ಇದಕ್ಕಾಗಿ ಕಡಿಯುವುದಂತೂ ಹುಚ್ಚು. ಆ ಮರದಲ್ಲಿದ್ದ ಇಂಗಾಲದ ಮೂರನೇ ಎರಡು ಪಾಲನ್ನು ಒಂದೇ ಮಧ್ಯಾಹ್ನದಲ್ಲಿ ಗಾಳಿಗೆ ಬಿಟ್ಟಂತೆ.

ಈಗ ಎಲ್ಲರೂ ಕಾಯುತ್ತಿರುವ ಕಾರ್ಬನ್ ದುಡ್ಡು. ಇದು ಕಟ್ಟುಕಥೆಯಲ್ಲ. ವಾತಾವರಣ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ, ಇಂಗಾಲವನ್ನು ಗಾಳಿಯಿಂದ ತೆಗೆದು ಇಡುವ ದಾರಿಗಳಲ್ಲಿ ಬಯೋಚಾರನ್ನೂ 2018ರ ವರದಿಯಲ್ಲಿ ಎಣಿಸಿದೆ. 2025ರ ಜನವರಿಯಲ್ಲಿ ಗೂಗಲ್ ಕಂಪನಿ ಭಾರತದ ವರಾಹ ಎಂಬ ಸಂಸ್ಥೆಯಿಂದ 2030ರೊಳಗೆ ಒಂದು ಲಕ್ಷ ಟನ್ ಕ್ರೆಡಿಟ್ (ಇಷ್ಟು ಇಂಗಾಲದ ಡೈಆಕ್ಸೈಡ್ ತೆಗೆದಿಟ್ಟಿದ್ದೇವೆ ಎಂಬ ಲೆಕ್ಕದ ಚೀಟಿ) ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಬಳಸುವ ಕಟ್ಟಿಗೆ ಗುಜರಾತಿನಲ್ಲಿ ಕಳೆಯಾಗಿ ಹಬ್ಬಿರುವ ಬಳ್ಳಾರಿ ಜಾಲಿ. ಗಮನಿಸಿ, ಒಣ ನಾಡು, ಒಣ ಕಟ್ಟಿಗೆ, ಯಾರಿಗೂ ಬೇಡವಾದ ಗಿಡ. ನಮ್ಮದು ಮೂರರಲ್ಲೂ ಅದರಷ್ಟು ಸಲೀಸಲ್ಲ.

ಬಯೋಚಾರ್ ಕ್ರೆಡಿಟ್ ಒಂದು ಟನ್ನಿಗೆ ಈಚಿನ ವರ್ಷಗಳಲ್ಲಿ ನೂರರಿಂದ ಇನ್ನೂರು ಡಾಲರ್ ನಡುವೆ ಮಾರಾಟವಾಗಿದೆ. ನಮ್ಮ 220 ಕೆಜಿ ಇದ್ದಿಲಿನ 480 ಕೆಜಿಯಲ್ಲಿ ಮೀಥೇನ್ ಕಳೆದರೆ ಉಳಿಯುವುದು 300 ಕೆಜಿ. ಟನ್ನಿಗೆ 150 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದರೆ 3,800 ರೂಪಾಯಿ. ಕೂಲಿ 1,800 ಕಳೆದರೂ ಲಾಭವೇ ಅಲ್ವಾ? ಕಾಗದದ ಮೇಲೆ ಹೌದು. ಆದರೆ ಅದು ಕೊಳ್ಳುವವರು ಕೊಟ್ಟ ಬೆಲೆ, ಬೆಳೆಗಾರನ ಕೈಗೆ ಬಂದದ್ದಲ್ಲ. ನಡುವೆ ಕಟ್ಟಿಗೆಯ ತೇವ ಅಳೆಯಬೇಕು, ಪ್ರತಿ ಸುಡುವಿಕೆಯ ಫೋಟೋ ಬೇಕು, ಲ್ಯಾಬಿನಲ್ಲಿ ಇದ್ದಿಲು ಪರೀಕ್ಷೆಯಾಗಬೇಕು, ಮಣ್ಣಿಗೆ ಹಾಕಿದ್ದಕ್ಕೆ ಸಾಕ್ಷಿ ಬೇಕು, ಲೆಕ್ಕ ತಪಾಸಣೆಯವರಿಗೆ ಫೀಸು ಕೊಡಬೇಕು. ಐದಾರು ಎಕರೆಯವನೊಬ್ಬ ಇದನ್ನೆಲ್ಲ ಒಬ್ಬನೇ ಮಾಡಿದರೆ ಫೀಸಿಗೇ ತೋಟ ಅಡ ಇಡಬೇಕಾದೀತು. ನೂರಾರು ಜನ ಸೇರಿದ ಸಂಘ ಇದ್ದರೆ ಮಾತ್ರ ಮುಂದಿನ ಮಾತು.

ನನ್ನ ಹತ್ತಿರವೂ ಒಬ್ಬರು ಒಪ್ಪಂದದ ಹಾಳೆ ಹಿಡಿದು ಬಂದಿದ್ದರು. ಹತ್ತು ವರ್ಷದ ಕರಾರು, ನನಗೆಷ್ಟು ಪಾಲು ಅನ್ನುವ ಜಾಗ ಖಾಲಿ. "ಮೊದಲು ಸೈನ್ ಮಾಡಿ ಸಾರ್, ಆಮೇಲೆ ತುಂಬೋಣ" ಎಂದರು. ಕಾಫಿ ಕೊಟ್ಟು ಕಳಿಸಿದೆ. ಇನ್ನೊಂದನ್ನು ಅವರು ಹೇಳಲಿಲ್ಲ, ನಾನೇ ಆಮೇಲೆ ತಿಳಿದುಕೊಂಡೆ. ಕ್ರೆಡಿಟ್ ಮಾರಿದ ಮೇಲೆ ಆ ಇಂಗಾಲದ ಹೆಗ್ಗಳಿಕೆ ಕೊಂಡವರದ್ದು. ನಾಳೆ ನನ್ನ ಕಾಫಿ ಪೊಟ್ಟಣದ ಮೇಲೆ "ಕಾರ್ಬನ್ ಕಡಿಮೆ ಇರುವ ಕಾಫಿ" ಎಂದು ಅದೇ ಇದ್ದಿಲಿನ ಲೆಕ್ಕ ತೋರಿಸಿ ಬರೆದುಕೊಂಡರೆ ಅದು ಒಂದೇ ಹಸುವನ್ನು ಇಬ್ಬರಿಗೆ ಮಾರಿದ ಹಾಗೆ.

ಹಾಗೆ ನೋಡಿದರೆ ಕಾಫಿಯ ಇಂಗಾಲದ ಲೆಕ್ಕದಲ್ಲಿ ಗೊಬ್ಬರದ ಪಾಲು ದೊಡ್ಡದು. ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಸುಮಾರು ಶೇ 1 ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ ಎಂಬುದು ಐಪಿಸಿಸಿ ಇಟ್ಟುಕೊಂಡ ಅಂದಾಜು. ಆ ಅನಿಲ ಇಂಗಾಲದ ಡೈಆಕ್ಸೈಡಿನ 273 ಪಟ್ಟು ಬಿಸಿ ಮಾಡುತ್ತದೆ. ಆಮ್ಲಜನಕ ಸೇರಿ ತೂಕವೂ ಏರುವುದರಿಂದ ಒಂದು ಕೆಜಿ ಸಾರಜನಕಕ್ಕೆ 4.3 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಆಯಿತು. ಒಂದು ಚೀಲ ಯೂರಿಯಾದಲ್ಲಿ 20 ಕೆಜಿ ಸಾರಜನಕ, ಅಂದರೆ ತೋಟದಿಂದಲೇ 90 ಕೆಜಿಯ ಹತ್ತಿರ. ಕಾರ್ಖಾನೆಯ ಹೊಗೆ ಬೇರೆ. ಮಣ್ಣು ಪರೀಕ್ಷೆ ಮಾಡಿಸಿ ಎರಡು ಚೀಲ ಕಡಿಮೆ ಹಾಕಿದರೆ ವರ್ಷಕ್ಕೆ 180 ಕೆಜಿ ಉಳಿಯಿತು. ಗುಂಡಿ ತೋಡಬೇಕಿಲ್ಲ, ಕೆಮ್ಮಬೇಕಿಲ್ಲ. ಬಯೋಚಾರ್ ಈ ಅನಿಲವನ್ನು ಕಡಿಮೆ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆದರೆ ಮೊದಲ ವರ್ಷದ ನಂತರ ಆ ಗುಣ ಇಳಿಯುತ್ತಾ ಹೋಗುತ್ತದೆ, ಅದನ್ನು ನಂಬಿ ಲೆಕ್ಕ ಹಾಕಬಾರದು.

ಕಳೆದ ಫೆಬ್ರವರಿಯಲ್ಲಿ ಮತ್ತೆ ಗುಂಡಿ ಹಚ್ಚಿದೆ. ಒಣಗಿದ ಕಪಾತು ಕಡ್ಡಿ, ಹೂಮಳೆಯ ಮರುದಿನ. ಈ ಸಲ ಹೊಗೆ ಕಾಣಲಿಲ್ಲ, ಬರೀ ಬಿಸಿಗಾಳಿ ನಡುಗುತ್ತಿತ್ತು. ಸಿಕ್ಕಿದ್ದನ್ನು ಸ್ಲರಿಯಲ್ಲಿ ನೆನೆಸಿ ಇಪ್ಪತ್ತು ಹೊಸ ಗಿಡಗಳ ಗುಂಡಿಗೆ ಹಾಕಿದ್ದೇನೆ. ಪಕ್ಕದ ಸಾಲಿನ ಇಪ್ಪತ್ತಕ್ಕೆ ಬರೀ ಸ್ಲರಿ. ಕಾಂಡಕ್ಕೆ ಒಂದಕ್ಕೆ ಬಿಳಿ, ಒಂದಕ್ಕೆ ನೀಲಿ ಬಣ್ಣ. ಫಸಲು ಬಂದಾಗ ಎರಡನ್ನೂ ಬೇರೆ ಬೇರೆ ಚೀಲದಲ್ಲಿ ತೂಗಬೇಕು, ಮೂರು ಕೊಯ್ಲು ಆಗುವ ತನಕ ಈ ಬಗ್ಗೆ ಸಂತೆಯಲ್ಲಿ ಬಾಯಿ ಬಿಡಬಾರದು ಎಂದು ತೋಟದ ಲೆಕ್ಕ ಬರೆಯುವ ರೈಟರ್‌ಗೂ ಹೇಳಿದ್ದೇನೆ.